ಸಂಜೆ ಐದೂವರೆಗೆ ಹೋಗಿ ನೋಡಿ

ಡಿಮೆನ್ಶಿಯಾ, ಅಂದರೆ ನೆನಪು ತಿಳಿವು ಕುಂದುವ ಕಾಯಿಲೆ ಇರುವ ಅಪ್ಪನನ್ನೋ ಅಮ್ಮನನ್ನೋ ಸೇರಿಸಲು ಆರೈಕೆಯ ಹೋಮ್ ಹುಡುಕುವವರು ಸಾಮಾನ್ಯವಾಗಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಎಲ್ಲ ಹೋಮ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಸ್ನಾನ ಮುಗಿದಿರುತ್ತದೆ, ತಲೆ ಬಾಚಿರುತ್ತಾರೆ, ನೆಲ ಒರೆಸಿ ಫಿನಾಯಿಲ್ ವಾಸನೆ ಬರುತ್ತಿರುತ್ತದೆ, ಮ್ಯಾನೇಜರ್ ಎದುರಿಗೇ ಇರುತ್ತಾರೆ. ನೀವು ಹೋಗಬೇಕಾದ್ದು ವಾರದ ನಡುವಿನ ದಿನ, ಸಂಜೆ ಐದೂವರೆಗೆ. ಏಳರ ತನಕ ಕೂತಿರಿ. ಅದಕ್ಕೆ ಅವಕಾಶ ಕೊಡದ ಜಾಗವನ್ನು ಪಟ್ಟಿಯಿಂದ ತೆಗೆದುಬಿಡಿ.

ಬೆಳಕು ಇಳಿಯುತ್ತಿದ್ದಂತೆ ಈ ಕಾಯಿಲೆಯವರಲ್ಲಿ ಬಹಳ ಜನರಿಗೆ ತಳಮಳ ಏರುತ್ತದೆ. ಡಾಕ್ಟರುಗಳು ಸನ್‌ಡೌನಿಂಗ್ ಅನ್ನುತ್ತಾರೆ. ಮಿದುಳು ಬೆಳಗಿನಿಂದ ದಣಿದಿರುತ್ತದೆ, ದೇಹದ ಗಡಿಯಾರ ಕೆಟ್ಟಿರುತ್ತದೆ, ಕೋಣೆಯಲ್ಲಿ ನೆರಳು ಉದ್ದವಾಗಿ ಕುರ್ಚಿಯೂ ಮನುಷ್ಯನ ಹಾಗೆ ಕಾಣುತ್ತದೆ. ನಮ್ಮ ಬೆಂಗಳೂರಿನಲ್ಲಿ ಇದಕ್ಕೆ ನಮ್ಮ ಊರಿನದೇ ರೂಪ. ಎಚ್‌ಎಂಟಿಯಲ್ಲೋ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲೋ ಮೂವತ್ತು ವರ್ಷ ಶಿಫ್ಟ್ ಮಾಡಿದವರು ಫ್ಯಾಕ್ಟರಿ ಬಸ್ ಬಂತಾ ಅಂತ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಹೆಂಗಸರು "ಮಕ್ಕಳು ಸ್ಕೂಲಿಂದ ಬರೋ ಹೊತ್ತಾಯ್ತು, ಮನೇಲಿ ಯಾರೂ ಇಲ್ಲ" ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಡುತ್ತಾರೆ.

ಆಗ ಅಟೆಂಡರ್ ಏನು ಹೇಳುತ್ತಾರೆ ಅನ್ನುವುದನ್ನು ಕಿವಿಗೊಟ್ಟು ಕೇಳಿ. "ನಿಮ್ಮ ಮಕ್ಕಳಿಗೆ ಐವತ್ತು ವರ್ಷ ಆಯ್ತು ಅಜ್ಜಿ, ಸುಮ್ನೆ ಕೂತ್ಕೊಳ್ಳಿ" ಅಂದರೆ ಹತ್ತು ನಿಮಿಷದಲ್ಲಿ ಜಗಳ, ಅರ್ಧ ಗಂಟೆಯಲ್ಲಿ ಅಳು, ರಾತ್ರಿಗೆ ನಿದ್ದೆ ಮಾತ್ರೆ. "ಹೌದಾ ಅಮ್ಮ? ಮಕ್ಕಳಿಗೆ ಏನು ತಿಂಡಿ ಮಾಡ್ತಿದ್ರಿ? ಬನ್ನಿ, ಒಂದು ಲೋಟ ಹಾಲು ಕುಡ್ಕೊಂಡು ಹೋಗೋಣ" ಅಂತ ತೋಳು ಹಿಡಿದು ಪಕ್ಕದಲ್ಲೇ ನಡೆದರೆ, ಕಾರಿಡಾರಿನಲ್ಲಿ ಎರಡು ಸುತ್ತು ಹಾಕುವಷ್ಟರಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಅವರು ಹುಡುಕುತ್ತಿರುವುದು ಒಂದು ಭದ್ರತೆಯನ್ನು. ನಿಜಾಂಶ ತಿದ್ದಿ ಹೇಳಿದರೆ ಅದು ಸಿಗುವುದಿಲ್ಲ.

ಇದರ ಜೊತೆ ಇನ್ನೂ ಕೆಲವು. ಕತ್ತಲಾಗುವ ಮೊದಲೇ ಎಲ್ಲ ಲೈಟ್ ಹಾಕಿ, ಕರ್ಟನ್ ಎಳೆದಿದ್ದಾರಾ? ನಾಲ್ಕೂವರೆಗೆ ಕಾಫಿ ಟೀ ಜೊತೆ ತಿನ್ನಲು ಏನಾದರೂ ಕೊಟ್ಟಿದ್ದಾರಾ? ಹಸಿವೇ ಎಷ್ಟೋ ಸಲ ತಳಮಳವಾಗಿ ಹೊರಬರುತ್ತದೆ. ಹಾಲ್‌ನಲ್ಲಿ ಟಿವಿ ನ್ಯೂಸ್ ಕಿರುಚುತ್ತಿದೆಯಾ? ಟಿವಿಯಲ್ಲಿ ಬೆಂಕಿ ಹತ್ತಿದರೆ ಇವರ ಪಾಲಿಗೆ ಅದು ಪಕ್ಕದ ಕೋಣೆಯಲ್ಲೇ ಹತ್ತಿದ ಹಾಗೆ. ಎಷ್ಟು ಜನ ಅಟೆಂಡರ್‌ಗಳು ನಿಜವಾಗಿ ಕಣ್ಣಿಗೆ ಬೀಳುತ್ತಾರೆ? ರಿಜಿಸ್ಟರ್‌ನಲ್ಲಿರುವ ಸಂಖ್ಯೆ ಬೇರೆ, ಬಟ್ಟೆ ಒಣಗಿ ಹಾಕಲು, ಅಡುಗೆಮನೆಗೆ ಕೈ ಹಾಕಲು ಹೋದವರನ್ನು ಬಿಟ್ಟು ಉಳಿದ ಸಂಖ್ಯೆ ಬೇರೆ. ನನ್ನ ಲೆಕ್ಕದಲ್ಲಿ ಹಗಲು ನಾಲ್ಕೈದು ಜನಕ್ಕೆ ಒಬ್ಬರು ಇರಲೇಬೇಕು. ರಾತ್ರಿ ಎಂಟು ಹತ್ತು ಜನಕ್ಕೆ ಒಬ್ಬರು ಸಾಕು, ಆದರೆ ಪ್ರತಿ ಮಹಡಿಯಲ್ಲೂ ಎಚ್ಚರ ಇರುವವರು ಬೇಕು. ಚಾಪೆ ಹಾಕಿ ಮಲಗುವವರು ಲೆಕ್ಕಕ್ಕಿಲ್ಲ.

ಹೋಮ್ ಹುಡುಕುವ ಮುಂಚೆ ಒಂದು ಕೆಲಸ ಮುಗಿದಿರಬೇಕು. "ವಯಸ್ಸಾಯ್ತು, ಅರಳುಮರುಳು" ಅಂತ ಮನೆಯವರೇ ತೀರ್ಮಾನ ಮಾಡಿದ ಕಾಯಿಲೆಯನ್ನು ಯಾವ ಹೋಮೂ ಸರಿಯಾಗಿ ನೋಡಿಕೊಳ್ಳಲಾರದು. ಬಿ12 ಕೊರತೆ, ಥೈರಾಯ್ಡ್, ಬಿದ್ದ ಮೇಲೆ ತಲೆಯೊಳಗೆ ನಿಧಾನವಾಗಿ ಕಟ್ಟಿಕೊಂಡ ರಕ್ತ, ಮಿದುಳಿನಲ್ಲಿ ನೀರು ತುಂಬುವುದು, ಖಿನ್ನತೆ ಇವೆಲ್ಲ ಮರೆವಿನ ವೇಷದಲ್ಲೇ ಬರುತ್ತವೆ; ಇವುಗಳಲ್ಲಿ ಕೆಲವಕ್ಕೆ ಔಷಧಿ ಇದೆ, ಕೆಲವಕ್ಕೆ ಆಪರೇಷನ್ ಇದೆ. ರಕ್ತ ಪರೀಕ್ಷೆ, ಒಂದು ಸ್ಕ್ಯಾನ್, ನರರೋಗ ಅಥವಾ ಮನೋರೋಗ ತಜ್ಞರ ತಪಾಸಣೆ ಇಷ್ಟು ಆಗಿರಲಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆ ಬೇರೆ ವಿಭಾಗವೇ ಇದೆ. ಕಾಗದದಲ್ಲಿ ಬರೀ ಡಿಮೆನ್ಶಿಯಾ ಅಂತ ಇದ್ದರೆ ಸಾಲದು, ಯಾವ ಬಗೆಯದು ಅಂತಲೂ ಬರೆಸಿಕೊಳ್ಳಿ. ಅಲ್ಜೈಮರ್ಸ್, ಪಾರ್ಶ್ವವಾಯು ಸಂಬಂಧದ್ದು, ಲೂಯಿ ಬಾಡಿ, ಫ್ರಂಟೋಟೆಂಪೊರಲ್ ಇವುಗಳ ಆರೈಕೆ ಒಂದೇ ರೀತಿ ಇರುವುದಿಲ್ಲ. ಅದೇಕೆ ಅನ್ನುವುದು ಔಷಧಿಯ ಮಾತು ಬಂದಾಗ ಗೊತ್ತಾಗುತ್ತದೆ.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನ ಪ್ರಕಾರ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಅದಕ್ಕೆಂದೇ ಕಟ್ಟಿದ ಜಾಗಗಳು ಬಹಳ ಕಡಿಮೆ. ಬೆಂಗಳೂರಿನಲ್ಲಿ ಕಸ್ತೂರಿನಗರದ ನೈಟಿಂಗೇಲ್ಸ್ ಕೇಂದ್ರ 2010ರಿಂದ ಇದೆ. ಉಳಿದಂತೆ ಬಡಾವಣೆಗಳ ಎರಡು ಮೂರು ಮಹಡಿಯ ಮನೆಗಳನ್ನೇ ಬಾಡಿಗೆಗೆ ಹಿಡಿದು ಮಾರ್ಪಡಿಸಿದ ಹೋಮ್‌ಗಳೇ ಹೆಚ್ಚು. ಅದರಲ್ಲಿ ತಪ್ಪೇನಿಲ್ಲ, ಚಿಕ್ಕ ಜಾಗದಲ್ಲಿ ಮನೆಯ ಬಿಸುಪು ಇರುತ್ತದೆ. ಆದರೆ ಮೆಟ್ಟಿಲು, ಬಚ್ಚಲು, ಬಾಗಿಲು ಈ ಮೂರನ್ನು ನೀವೇ ನಡೆದು ನೋಡಬೇಕು.

ಬಚ್ಚಲನ್ನೇ ತೆಗೆದುಕೊಳ್ಳಿ. ಬಿಳಿ ಟೈಲ್ಸ್, ಬಿಳಿ ಕಮೋಡ್, ಬಿಳಿ ಗೋಡೆ. ಕಣ್ಣು ಚೆನ್ನಾಗಿದ್ದರೂ ಆಳ ಅಗಲ ಅಳೆಯುವ ಶಕ್ತಿ ಕಳೆದುಕೊಂಡ ಮಿದುಳಿಗೆ ಅಲ್ಲಿ ಕಮೋಡ್ ಕಾಣುವುದೇ ಇಲ್ಲ. ಕೂರಲು ಹೋಗಿ ಪಕ್ಕದಲ್ಲಿ ಬೀಳುತ್ತಾರೆ. ಸೀಟಿಗೆ ನೀಲಿಯೋ ಕೆಂಪೋ ಗಾಢ ಬಣ್ಣ ಹಾಕಿಸಿದರೆ ಸಾಕು, ಖರ್ಚು ಕೆಲವು ನೂರು ರೂಪಾಯಿ. ಬಾಗಿಲ ಮುಂದಿನ ಕಪ್ಪು ಕಾಲೊರಸು ಅವರಿಗೆ ಗುಂಡಿ. ದಾಟುವುದಿಲ್ಲ ಅಂತ ಹಟ ಹಿಡಿಯುತ್ತಾರೆ, ಇಲ್ಲವೇ ಹಾರಲು ನೋಡುತ್ತಾರೆ. ಕನ್ನಡಿಯಲ್ಲಿ ಕಾಣುವ ಮುಖ ಯಾರೋ ಪರಕೀಯರದು, ಅವರ ಎದುರು ಬಟ್ಟೆ ಬಿಚ್ಚಲು ಯಾರು ಒಪ್ಪುತ್ತಾರೆ? ಕನ್ನಡಿಗೆ ಒಂದು ಟವೆಲ್ ಹೊದಿಸಿ. ಇನ್ನೊಂದು ನಮ್ಮವರದೇ ತೊಂದರೆ: ಜೀವನವಿಡೀ ಕುಕ್ಕರಗಾಲಿನಲ್ಲಿ ಕೂತು ಅಭ್ಯಾಸವಿದ್ದ ಹಳ್ಳಿ ಕಡೆಯ ಹಿರಿಯರಿಗೆ, ಇತ್ತೀಚಿನ ನೆನಪು ಅಳಿಸಿದ ಮೇಲೆ, ಕಮೋಡ್ ಏನೆಂದೇ ತಿಳಿಯುವುದಿಲ್ಲ. ಮೂಲೆಯಲ್ಲಿ ನೆಲದ ಮೇಲೆ ಕೂರುತ್ತಾರೆ. ಅದು ಗಲೀಜು ಬುದ್ಧಿ ಅಲ್ಲ. ಗೋಡೆಯ ಜೆಟ್ ತೋರಿಸುವ ಬದಲು ಎಡಗೈಗೆ ಸಿಗುವಂತೆ ಒಂದು ಚೊಂಬು ನೀರು ಇಟ್ಟರೆ ಎಷ್ಟೋ ಜನರಿಗೆ ಜಾಗದ ಗುರುತು ಹತ್ತುತ್ತದೆ.

ಸ್ನಾನಕ್ಕೆ ಶವರ್ ಬೇಡ. ತಲೆ ಮೇಲಿಂದ ಏಕಾಏಕಿ ಸುರಿಯುವ ನೀರು ಭಯ ಹುಟ್ಟಿಸುತ್ತದೆ, ಹೊಡೆಯಲು ಕೈ ಎತ್ತುತ್ತಾರೆ. ಪ್ಲಾಸ್ಟಿಕ್ ಕುರ್ಚಿ, ಬಕೆಟ್, ಮಗ್ಗು. ನೀರು ಮೈ ಬಿಸಿಯಷ್ಟೇ, ಸುಮಾರು 37–38 ಡಿಗ್ರಿ. ಮೊದಲು ಪಾದ, ಆಮೇಲೆ ಮಂಡಿ, ಕೈ, ಕೊನೆಗೆ ಬೆನ್ನು. ತಲೆಸ್ನಾನ ಬೇರೆ ದಿನ. ಮಗ್ಗನ್ನು ಅವರ ಕೈಗೇ ಕೊಟ್ಟರೆ ಇನ್ನೂ ಒಳ್ಳೆಯದು. ಬಚ್ಚಲ ಚಿಲಕ ಹೊರಗಿನಿಂದ ತೆಗೆಯುವಂತಿರಬೇಕು. ಕಮೋಡ್ ಪಕ್ಕದ ಹಿಡಿಕೆಯನ್ನು ನೀವೇ ಜೋತುಬಿದ್ದು ಎಳೆದು ನೋಡಿ, ಹಲವು ಕಡೆ ಅದು ಟೈಲ್ಸ್‌ಗೆ ಮಾತ್ರ ಅಂಟಿರುತ್ತದೆ.

ಮುಖ್ಯ ಬಾಗಿಲಿಗೆ ಬೀಗ ಇರುತ್ತದೆ, ಇರಲೇಬೇಕು. ಕೋಣೆಗೆ ಬೀಗ ಹಾಕುವ ಜಾಗ ಬೇಡ. ರಾತ್ರಿ ಬೆಂಕಿ ಬಿದ್ದರೆ ಕೀ ಯಾರ ಜೇಬಿನಲ್ಲಿರುತ್ತದೆ, ಎರಡನೇ ದಾರಿ ಎಲ್ಲಿ ಅಂತ ಕೇಳಿ. ಉತ್ತರಕ್ಕೆ ತಡವರಿಸಿದರೆ ಅರ್ಥ ಆಯಿತಲ್ಲ. ಯಾರನ್ನಾದರೂ ದುಪಟ್ಟಾದಿಂದಲೋ ಬೆಡ್‌ಶೀಟಿನಿಂದಲೋ ಕುರ್ಚಿಗೆ ಕಟ್ಟಿರುವುದು ಕಂಡರೆ ಕೂಡಲೇ ಎದ್ದು ಬನ್ನಿ. ಕಟ್ಟಿದರೆ ಬೀಳುವುದು ತಪ್ಪುತ್ತದೆ ಅನ್ನುವುದು ಸುಳ್ಳು. ಬಿಡಿಸಿಕೊಳ್ಳಲು ಒದ್ದಾಡಿ ಕುರ್ಚಿ ಸಮೇತ ಬೀಳುತ್ತಾರೆ. ತಪ್ಪಿಸಿಕೊಂಡು ಹೊರಗೆ ಹೋದರೆ ಹುಡುಕುವ ಕ್ರಮ ಏನು ಅಂತಲೂ ಕೇಳಿ. ಕಾಯಬಾರದು, ತಕ್ಷಣ 112. ಅಂದಿನ ಬಟ್ಟೆಯಲ್ಲಿ ತೆಗೆದ ಫೋಟೊ ಫೋನಿನಲ್ಲಿರಬೇಕು.

ಈಗ ಭಾಷೆಯ ಮಾತು. ನನ್ನ ಪ್ರಕಾರ ಬೆಂಗಳೂರಿನ ಹೋಮ್‌ಗಳಲ್ಲಿ ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ, ಮತ್ತು ಅತಿ ಕಡಿಮೆ ಖರ್ಚಿನಲ್ಲಿ ಸರಿಮಾಡಬಹುದಾದ್ದೂ ಇದೇ. ಕಾಯಿಲೆ ಬೆಳೆದಂತೆ ಸಾಮಾನ್ಯವಾಗಿ ಆಮೇಲೆ ಕಲಿತ ಭಾಷೆಗಳು ಮೊದಲು ಜಾರುತ್ತವೆ. ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲೇ ಕೆಲಸ ಮಾಡಿದವರು ಚಿಕ್ಕಂದಿನ ಮಾತಿಗೆ ಬಂದು ನಿಲ್ಲುತ್ತಾರೆ. ಅದು ಮಂಡ್ಯದ ಕನ್ನಡ ಆಗಿರಬಹುದು, ಮನೆಯ ತೆಲುಗು, ತಮಿಳು, ತುಳು, ದಖನಿ ಆಗಿರಬಹುದು. ಆರೈಕೆಗೆ ನಿಂತಿರುವ ಹುಡುಗ ಹುಡುಗಿಯರು ಅನೇಕರು ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯವರು. ಕೆಲಸದಲ್ಲಿ ಅವರು ಯಾರಿಗೂ ಕಡಿಮೆ ಇಲ್ಲ. ಕಲಿಸದೆ ಬಿಟ್ಟವರದೇ ತಪ್ಪು.

ಒಂದು ಉದಾಹರಣೆ ನೋಡಿ. ಅಜ್ಜಿ "ಹೊರಗೆ ಹೋಗ್ಬೇಕು" ಅನ್ನುತ್ತಾರೆ. ಹಳೆಯ ಕಾಲದವರ ಬಾಯಲ್ಲಿ ಹಾಗೆಂದರೆ ಕಕ್ಕಸಿಗೆ ಹೋಗಬೇಕು ಅಂತ. ಆ ಹುಡುಗಿ ಕಲಿತಿರುವ ನಾಲ್ಕು ಕನ್ನಡ ಪದಗಳಲ್ಲಿ 'ಹೊರಗೆ' ಅಂದರೆ ಗೇಟು. ತಡೆದು ಕೂರಿಸುತ್ತಾಳೆ. ಅಜ್ಜಿ ಮತ್ತೆ ಏಳುತ್ತಾರೆ, ತಳ್ಳುತ್ತಾರೆ, ಸೀರೆಯಲ್ಲೇ ಆಗಿಹೋಗುತ್ತದೆ. ಆ ದಿನದ ಪುಸ್ತಕದಲ್ಲಿ "ಆಕ್ರಮಣಕಾರಿ ವರ್ತನೆ, ಹೊರಗೆ ಓಡುವ ಯತ್ನ, ಮೂತ್ರದ ಹತೋಟಿ ಇಲ್ಲ" ಅಂತ ಮೂರು ಸಾಲು ಏರುತ್ತದೆ. ಮರುದಿನದಿಂದ ಡೈಪರ್, ಅದರ ಮೇಲೊಂದು ಮಾತ್ರೆ. ಒಂದು ಪದ ತಿಳಿಯದೆ ಇಷ್ಟೂ ಆಯಿತು.

ಆದ್ದರಿಂದ ಸೇರಿಸುವ ದಿನ ನಿಮ್ಮ ಕೈಯಲ್ಲಿ ಎರಡು ಹಾಳೆ ಇರಲಿ. ಮೊದಲ ಹಾಳೆಯಲ್ಲಿ ಇಪ್ಪತ್ತೈದು ಪದ: ಒಂದಕ್ಕೆ, ಎರಡಕ್ಕೆ, ಹೊರಗೆ, ನೋವು, ಉರಿ, ಸೆಖೆ, ಚಳಿ, ಬಾಯಾರಿಕೆ, ಸಂಕಟ, ತಲೆ ಸುತ್ತು, ಸಾಕು, ಬೇಡ ಹೀಗೆ. ನಿಮ್ಮವರು ನಿಜವಾಗಿ ಬಳಸುವ ಪದಗಳೇ ಇರಲಿ, ಅಟೆಂಡರ್ ಓದುವ ಲಿಪಿಯಲ್ಲಿ ಬರೆದು ಪಕ್ಕದಲ್ಲಿ ಅರ್ಥ ಕೊಟ್ಟು ಮಂಚದ ಹತ್ತಿರ ಅಂಟಿಸಿ. ಎರಡನೆಯ ಹಾಳೆ ಅವರ ಪರಿಚಯ. ಯಾವ ಹೆಸರಿಗೆ ತಿರುಗುತ್ತಾರೆ? ಆಧಾರ್‌ನಲ್ಲಿರುವ ಹೆಸರಿಗೆ ಓಗೊಡದವರು "ಮೇಷ್ಟ್ರೇ" ಅಂದರೆ, "ಪುಟ್ಟಮ್ಮ" ಅಂದರೆ ಮುಖ ಎತ್ತುತ್ತಾರೆ. ಏನು ಕೆಲಸ ಮಾಡುತ್ತಿದ್ದರು, ಎಷ್ಟು ಹೊತ್ತಿಗೆ ಏಳುತ್ತಿದ್ದರು, ಕಾಫಿಯೋ ಟೀಯೋ, ಸ್ನಾನ ಆಗದೆ ತಿಂಡಿ ಮುಟ್ಟದವರಾ, ಮಲಗುವುದು ಯಾವ ಮಗ್ಗುಲಿಗೆ, ಯಾವ ದೇವರನಾಮ ಬಾಯಿಪಾಠ, ಯಾರ ಹೆಸರು ಹೇಳಿದರೆ ಅಳು ಬರುತ್ತದೆ, ಸಿಟ್ಟು ಬಂದಾಗ ಏನು ಮಾಡಿದರೆ ಇಳಿಯುತ್ತದೆ. ಔಷಧಿ ಪಟ್ಟಿಗಿಂತ ಈ ಹಾಳೆ ಹೆಚ್ಚು ಸಲ ಕೆಲಸಕ್ಕೆ ಬರುತ್ತದೆ.

ಊಟದ ವಿಷಯದಲ್ಲಿ ಮೆನು ನೋಡಬೇಡಿ, ತಿನ್ನಿಸುವುದನ್ನು ನೋಡಿ. ತಿನ್ನಿಸುವವರು ನಿಂತಿದ್ದರೆ ತಪ್ಪು. ಅವರನ್ನು ನೋಡಲು ಕತ್ತು ಮೇಲೆತ್ತಿದಾಗ ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ, ಅನ್ನ ಅಲ್ಲಿಗೆ ಇಳಿಯುತ್ತದೆ. ಎದುರಿಗೆ ಅದೇ ಎತ್ತರದಲ್ಲಿ ಕೂರಬೇಕು, ಗದ್ದ ಸ್ವಲ್ಪ ಕೆಳಗಿರಬೇಕು, ಟೀ ಚಮಚದಲ್ಲಿ ಅರ್ಧ, ನುಂಗಿದ್ದು ಕಂಡ ಮೇಲೆ ಮುಂದಿನದು. ಒಬ್ಬರಿಗೆ ಮೂವತ್ತು ನಲವತ್ತು ನಿಮಿಷ ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ಮುಗಿಸುವ ಜಾಗದಲ್ಲಿ ನ್ಯುಮೋನಿಯಾ ಬರುತ್ತದೆ. ಊಟ ಆದ ಅರ್ಧ ಗಂಟೆ ಮಲಗಿಸಬಾರದು.

ನಮ್ಮ ಊಟದಲ್ಲೇ ಕೆಲವು ಅಪಾಯಗಳಿವೆ. ಮುದ್ದೆ ಅಗಿಯುವ ಪದಾರ್ಥ ಅಲ್ಲ, ನುಂಗುವುದು. ನುಂಗುವ ಶಕ್ತಿ ಕುಂದಿದವರೂ ಹಳೆಯ ಅಭ್ಯಾಸದಲ್ಲಿ ದೊಡ್ಡ ತುತ್ತನ್ನೇ ಒಳಗೆ ಬಿಡುತ್ತಾರೆ. ಆಗ ಮುದ್ದೆ ನಿಲ್ಲಿಸಿ ಗಟ್ಟಿ ರಾಗಿ ಗಂಜಿಗೆ ಬರಬೇಕು. ತಿಳಿಸಾರು ಅನ್ನವೂ ಮೋಸ: ಸಾರು ಮೊದಲು ಗಂಟಲಿಗೆ ಜಾರುತ್ತದೆ, ಅನ್ನದ ಅಗುಳು ಬಾಯಲ್ಲೇ ಉಳಿಯುತ್ತದೆ. ಕಿವುಚಿದ ಮೊಸರನ್ನ, ಬೇಳೆ ಹೆಚ್ಚಿರುವ ಮೆತ್ತನೆ ಹುಳಿಯನ್ನ, ಇಡ್ಲಿ ನೆನೆಸಿದ್ದು ಎಷ್ಟೋ ವಾಸಿ. ಒಣ ಅವಲಕ್ಕಿ, ಕಡಲೆಬೀಜ, ಒಣ ಚಪಾತಿ ಬೇಡ. ಕುಡಿಯುವಾಗ ಕೆಮ್ಮು, ಊಟದ ನಂತರ ಗೊರಗೊರ ದನಿ ಕಂಡರೆ ನುಂಗುವಿಕೆಯ ತಪಾಸಣೆ ಮಾಡಿಸಿ. ಕೊನೆಯ ಹಂತದಲ್ಲಿ ಮೂಗಿನ ಟ್ಯೂಬ್ ಹಾಕಿದರೆ ಆಯಸ್ಸು ಹೆಚ್ಚುತ್ತದೆ, ನ್ಯುಮೋನಿಯಾ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಕೈಯಿಂದ ಸ್ವಲ್ಪ ಸ್ವಲ್ಪ ತಿನ್ನಿಸುವುದೇ ಮೇಲು ಅಂತ ವೈದ್ಯ ಸಂಘಗಳ ಸಲಹೆ ಇದೆ. ತಿಂಗಳಿಗೊಮ್ಮೆ ತೂಕ ಬರೆದಿಡಬೇಕು. 60 ಕೆಜಿ ಇದ್ದವರು ಒಂದೇ ತಿಂಗಳಲ್ಲಿ 57ಕ್ಕೆ ಬಂದರೆ ಅದು ಎಚ್ಚರಿಕೆ ಗಂಟೆ. ನೀರು ಕೇಳಿ ಕುಡಿಯುವವರಲ್ಲ, ಆದ್ದರಿಂದ ಹೃದಯ ಕಿಡ್ನಿ ತೊಂದರೆ ಇಲ್ಲದಿದ್ದರೆ 150 ಎಂಎಲ್ ಲೋಟದಲ್ಲಿ ದಿನಕ್ಕೆ ಎಂಟು ಹತ್ತು ಸಲ ಕೈಗೆ ಕೊಡಬೇಕು.

ಇನ್ನು ಹೊತ್ತು ಕಳೆಯಲು ಕೊಡುವ ಕೆಲಸ. ಡಿಸೆಂಬರ್ ಜನವರಿಯಲ್ಲಿ ಅವರೆಕಾಯಿ ಬರುತ್ತದಲ್ಲ, ಒಂದು ಮೊರದಲ್ಲಿ ಒಂದು ಕೆಜಿ ಕಾಯಿ ಹಾಕಿ ಎದುರಿಗಿಟ್ಟು ನೋಡಿ. ಮಗಳ ಹೆಸರು ಮರೆತವರ ಹೆಬ್ಬೆರಳು ಕಾಯಿಯ ನಾರು ಎಳೆದು, ಸಿಪ್ಪೆ ಬಿಡಿಸಿ, ಹುಳ ಕೊರೆದ ಕಾಳನ್ನು ಬೇರೆ ಹಾಕುತ್ತದೆ. ಬೆರಳಿಗೆ ಹತ್ತುವ ಸೊಗಡಿನ ವಾಸನೆಯೇ ಅರ್ಧ ಮಾತಾಡಿಸುತ್ತದೆ. ಒಬ್ಬರು ಪಕ್ಕದಲ್ಲಿ ಕೂತಿರಬೇಕು, ಹಸಿ ಕಾಳು ಬಾಯಿಗೆ ಹಾಕಿಕೊಳ್ಳುವವರು ಇರುತ್ತಾರೆ. ಬಣ್ಣ ತುಂಬುವ ಮಕ್ಕಳ ಪುಸ್ತಕಕ್ಕಿಂತ ಇದು ಸಾವಿರ ಪಾಲು ಮರ್ಯಾದೆಯ ಕೆಲಸ.

ಔಷಧಿ. ಶಾಂತವಾಗಿಡಲು ಕೊಡುವ ರಿಸ್ಪೆರಿಡೋನ್, ಕ್ವೆಟಿಯಾಪೀನ್, ಹಾಲೊಪೆರಿಡಾಲ್ ಗುಂಪಿನ ಮಾತ್ರೆಗಳಿಂದ ಡಿಮೆನ್ಶಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಕರು ಹೊಸ ಬಗೆಯವಕ್ಕೆ 2005ರಲ್ಲೇ, ಹಾಲೊಪೆರಿಡಾಲ್ ತರಹದ ಹಳೆಯವಕ್ಕೆ 2008ರಲ್ಲಿ ಎಚ್ಚರಿಕೆ ಹಾಕಿದ್ದಾರೆ. ಅನಿವಾರ್ಯವಾದಾಗ, ಕಡಿಮೆ ಪ್ರಮಾಣದಲ್ಲಿ, ಕೆಲವು ವಾರಕ್ಕೆ, ತಜ್ಞರ ಚೀಟಿಯ ಮೇಲೆ ಕೊಡಬಹುದು. ಲೂಯಿ ಬಾಡಿ ಬಗೆಯವರಿಗೆ ಹಾಲೊಪೆರಿಡಾಲ್ ಕೊಟ್ಟರೆ ಮೈ ಸೆಟೆದು ಪ್ರಾಣಕ್ಕೇ ಬರಬಹುದು. ಯಾವ ಬಗೆಯದು ಅಂತ ಬರೆಸಿಕೊಳ್ಳಿ ಅಂದದ್ದು ಇದಕ್ಕೇ. ನೆಗಡಿಗೆ, ತುರಿಕೆಗೆ ಅಂತ ಕೊಡುವ ಏವಿಲ್ ತರಹದ ಮಾತ್ರೆ ಕೂಡ ಗೊಂದಲ ಹೆಚ್ಚಿಸುತ್ತದೆ. ಅಮ್ಮ ಹಗಲೆಲ್ಲ ತೂಕಡಿಸುತ್ತಾ ಕೂತಿದ್ದರೆ "ಈಗ ತುಂಬಾ ಶಾಂತವಾಗಿದ್ದಾರೆ" ಅನ್ನುವ ಮಾತಿಗೆ ಸಮಾಧಾನಪಡಬೇಡಿ, ಔಷಧಿ ಚಾರ್ಟ್ ಕೇಳಿ.

ಎರಡು ದಿನದಲ್ಲಿ ಏಕಾಏಕಿ ಗೊಂದಲ ಏರಿದರೆ ಅದು ಸಾಮಾನ್ಯವಾಗಿ ಕಾಯಿಲೆ ಬೆಳೆದದ್ದಲ್ಲ. ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ಹೊಸ ಮಾತ್ರೆ, ಹೇಳಲಾಗದ ನೋವು ಇವುಗಳಲ್ಲೊಂದು ಹೆಚ್ಚಾಗಿ ಇರುತ್ತದೆ. ಒಳ್ಳೆಯ ನರ್ಸ್ ಮೊದಲು ಕೇಳುವ ಪ್ರಶ್ನೆ "ಎರಡಕ್ಕೆ ಹೋಗಿ ಎಷ್ಟು ದಿನ ಆಯ್ತು?" ಅಂತ.

ರಾತ್ರಿಯ ಆರೈಕೆ ಹೇಗಿದೆ ಅನ್ನುವುದು ಹೋಮಿನ ದಾಖಲೆ ಪುಸ್ತಕದಲ್ಲಿ ಗೊತ್ತಾಗುತ್ತದೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಗುರುತು ಹತ್ತು, ಹನ್ನೆರಡು, ಎರಡು, ನಾಲ್ಕಕ್ಕೆ ಇರಬೇಕು. ಎಲ್ಲ ಸಹಿಯೂ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬಿದ್ದಿದ್ದರೆ ಬೆಳಿಗ್ಗೆ ಕೂತು ತುಂಬಿದ್ದು. ಭೇಟಿಗೆ ಹೋದಾಗ ಸಂಕೋಚ ಬಿಟ್ಟು ಹಿಮ್ಮಡಿ, ಟೊಂಕ, ಬೆನ್ನಿನ ಕೆಳಗಿನ ಮೂಳೆಯ ಮೇಲೆ ನೋಡಿ. ಒತ್ತಿದರೂ ಮಾಸದ ಕೆಂಪು ಇದ್ದರೆ ಹುಣ್ಣು ಶುರುವಾಗಿದೆ.

ದುಡ್ಡಿನ ಮಾತು ಚಿಕ್ಕದು. ತಿಂಗಳ ಮೊತ್ತ ಕೇಳಿ ಸುಮ್ಮನಾಗಬೇಡಿ. ದಿನಕ್ಕೆ ನಾಲ್ಕೈದು ಡೈಪರ್ ಅಂದರೆ ತಿಂಗಳಿಗೆ 120ರಿಂದ 150. ಅದು ಒಳಗೋ ಹೊರಗೋ? ಫಿಸಿಯೋ, ಆಂಬುಲೆನ್ಸ್, ಆಸ್ಪತ್ರೆಯಲ್ಲಿ ಜೊತೆಗಿರುವ ಅಟೆಂಡರ್? ಆಸ್ಪತ್ರೆಗೆ ಸೇರಿದ ದಿನಗಳಿಗೂ ಪೂರ್ತಿ ಶುಲ್ಕವೇ? ಕಾಯಿಲೆ ಬೆಳೆದಾಗ "ನಮ್ಮಿಂದ ಆಗಲ್ಲ, ಕರ್ಕೊಂಡು ಹೋಗಿ" ಅನ್ನುವ ಷರತ್ತು ಇದೆಯೇ, ಎಷ್ಟು ದಿನದ ನೋಟಿಸ್? ಮಾಮೂಲಿ ಆರೋಗ್ಯ ವಿಮೆ ಆಸ್ಪತ್ರೆಯ ವಾಸಕ್ಕೆ ಕೊಡುತ್ತದೆ, ಹೋಮಿನ ವಾಸಕ್ಕಲ್ಲ. ಸಂಸ್ಥೆ ಯಾವ ಕಾಯ್ದೆಯಡಿ ನೋಂದಣಿ ಆಗಿದೆ ಅನ್ನುವ ಪ್ರಮಾಣಪತ್ರವನ್ನು ಕಣ್ಣಾರೆ ನೋಡಿ.

ಕಾಗದಪತ್ರದಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಅಪ್ಪ ಹಿಂದೆ ಬರೆದುಕೊಟ್ಟ ಪವರ್ ಆಫ್ ಅಟಾರ್ನಿ ಇದೆಯಲ್ಲ ಅಂತ ಧೈರ್ಯವಾಗಿರುತ್ತಾರೆ. 1872ರ ಗುತ್ತಿಗೆ ಕಾಯ್ದೆಯ ಪ್ರಕಾರ ಬರೆದುಕೊಟ್ಟವರ ಬುದ್ಧಿಸ್ಥಿಮಿತ ಹೋದರೆ ಆ ಅಧಿಕಾರವೂ ಹೋಗುತ್ತದೆ. ಆದ್ದರಿಂದ ತಿಳಿವು ಇರುವಾಗಲೇ ಖಾತೆಯನ್ನು ಜಂಟಿ ಮಾಡಿ, ಉಯಿಲು ಬರೆಸಿ, ಚಿಕಿತ್ಸೆಯ ಬಗೆಗಿನ ಇಚ್ಛೆಯನ್ನೂ ಬರೆದಿಡಿ. 2023ರ ಸುಪ್ರೀಂ ಕೋರ್ಟ್ ಆದೇಶದ ನಂತರ ಅಂಥ ಇಚ್ಛಾಪತ್ರಕ್ಕೆ ಇಬ್ಬರು ಸಾಕ್ಷಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಪಿಂಚಣಿದಾರರ ನವೆಂಬರ್ ತಿಂಗಳ ಜೀವನ ಪ್ರಮಾಣಪತ್ರವನ್ನು ಹೋಮಿನಲ್ಲೇ ಫೋನಿನ ಮುಖ ಗುರುತಿನಿಂದ ಮಾಡಬಹುದು, ಬ್ಯಾಂಕಿಗೆ ಹೊತ್ತು ತರಬೇಕಿಲ್ಲ. ಏನಾದರೂ ದೌರ್ಜನ್ಯ ಕಂಡರೆ ಹಿರಿಯರ ಸಹಾಯವಾಣಿ 14567.

ಸೇರಿಸುವ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕರೆದೊಯ್ಯಿರಿ, ಸಂಜೆ ಬೇಡ. ಅವರದೇ ರಗ್ಗು, ದಿಂಬು, ಕುಡಿಯುವ ಲೋಟ, ದೇವರ ಪಟ ಮೊದಲೇ ಕೋಣೆಯಲ್ಲಿರಲಿ. ಕನ್ನಡಕ, ಹಲ್ಲುಸೆಟ್ಟಿನ ಡಬ್ಬಿ, ಪ್ರತಿ ಬಟ್ಟೆಯ ಮೇಲೂ ಅಳಿಸದ ಮಾರ್ಕರ್‌ನಲ್ಲಿ ಹೆಸರು. ಬಂಗಾರ ಕಳಿಸಬೇಡಿ, ಮಾಂಗಲ್ಯ ತೆಗೆದರೆ ಅಮ್ಮ ಕೊರಳು ತಡಕಾಡಿ ಒದ್ದಾಡುತ್ತಾರೆ, ಅದರ ಬದಲು ಅರಿಶಿನ ಕೊಂಬು ಕಟ್ಟಿದ ದಾರ ಹಾಕಿ. ಕುಂಕುಮ ಇಡುವುದನ್ನು ತಪ್ಪಿಸಬೇಡಿ ಅಂತ ಹಾಳೆಯಲ್ಲಿ ಬರೆಯಿರಿ.

ಎರಡು ವಾರ ಬರಲೇಬೇಡಿ ಅನ್ನುವ ಹೋಮ್‌ಗಳಿವೆ. ನಾನು ಒಪ್ಪುವುದಿಲ್ಲ. ದಿನಾ ಬೇಡ, ಒಂದು ದಿನ ಬಿಟ್ಟು ಒಂದು ದಿನ ಅರ್ಧ ಗಂಟೆ ಹೋಗಿ. ಹೊಂದಿಕೊಳ್ಳಲು ಆರು ವಾರ ಹಿಡಿಯಬಹುದು, ಅಷ್ಟರೊಳಗೆ ಜಾಗ ಬದಲಿಸುವ ಯೋಚನೆ ಬೇಡ. ಭೇಟಿಯ ಹೊತ್ತನ್ನು ನಾಲ್ಕಕ್ಕೆ ಇಟ್ಟುಕೊಳ್ಳಿ. ನಾಲ್ಕೂವರೆಗೆ ಕಾಫಿ ಬರುತ್ತದೆ. ಲೋಟ ಅವರ ಎರಡೂ ಕೈಗೆ ಸರಿಯಾಗಿ ಕೂತ ಮೇಲೆ, ಅಟೆಂಡರ್ ಪಕ್ಕದಲ್ಲಿ ಬಂದು ಕೂತ ಮೇಲೆ, "ಬರ್ತೀನಮ್ಮ" ಅಂದು ಎದ್ದುಬನ್ನಿ. "ಹೋಗ್ತೀನಿ" ಅನ್ನಬೇಡಿ, ಬಾಗಿಲಲ್ಲಿ ನಿಂತು ಕೈ ಬೀಸಬೇಡಿ.